ಅಳತೆಯಜ್ಜನ ಮೊದಲ ಸೇರು

ಹೋದ ತಿಂಗಳು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಲ್ಲಿ ಯಾರೋ ಹೆಂಗಸು ನನ್ನ ಕಾಲಬುಡಕ್ಕೆ ಶೇಂಗಾ ಹಿಂಡಿಯ ಚೀಲ ತಂದಿಟ್ಟಳು. ಎಣ್ಣೆ ತೆಗೆದ ಮೇಲೆ ಉಳಿಯುವ ಆ ಹಿಂಡಿಯ ಕಮಟು ಬಿಸಿಲಿಗೆ ಏರುತ್ತಾ ಬಂತು. ಕಿಟಕಿ ತೆಗೆದರೂ ಹೋಗಲಿಲ್ಲ. ನಾನು ರೇಗಿದೆ. "ದನಕ್ಕೆ ಕಣಕ್ಕ, ಏನ್ಮಾಡ್ಲಿ" ಎಂದು ಅವಳು ಚೀಲವನ್ನು ತನ್ನ ಕಡೆ ಎಳೆದುಕೊಂಡಳು. ಪಾಪ, ಅವಳದೇನೂ ತಪ್ಪಿರಲಿಲ್ಲ. ಅದೇ ವಾಸನೆಯ ನಡುವೆ ಕೂತು ನಾನು ಎರಡು ವರ್ಷ ಕಂಪ್ಯೂಟರ್ ಕಲಿಸಿದ್ದೆ. ಅಲ್ಲೇ ಒಬ್ಬ ಮುದುಕನಿಗೆ ಮೋಸ ಮಾಡಿದ್ದೆ...

ಚಳ್ಳಕೆರೆಯಲ್ಲಿ ಒಂದು ಎಣ್ಣೆ ಗಿರಣಿಯ ಮಗ್ಗುಲಿನ ಮಹಡಿಯಲ್ಲಿತ್ತು ನಮ್ಮ ತರಬೇತಿ ಕೇಂದ್ರ. ಐದು ಕಂಪ್ಯೂಟರು, ನಡೆಯುತ್ತಿದ್ದದ್ದು ಮೂರು. ಇಂಗ್ಲಿಷ್ ಬಾರದವರಿಗೂ ಕನ್ನಡದಲ್ಲೇ ಪ್ರೋಗ್ರಾಮ್ ಬರೆಯಲು ಕಲಿಸುತ್ತೇವೆ ಎಂದು ಮಾಲೀಕರು ಬೋರ್ಡ್ ಹಾಕಿಸಿದರು. ಎಲ್ಲಿಂದಲೋ ಅಂಥದೊಂದು ತಂತ್ರಾಂಶ ತಂದರು. ಕಂಪ್ಯೂಟರಿಗೆ ಕೊಡುವ ಆಜ್ಞೆಗಳೆಲ್ಲ ಅದರಲ್ಲಿ ಕನ್ನಡದ ಪದಗಳೇ. ಕಲಿಸುವ ಹೊಣೆ ನನ್ನ ತಲೆಗೆ ಬಂತು. ಆ ಬೋರ್ಡ್ ಕಂಡ ದಿನದಿಂದಲೇ ನನಗೆ ಒಳಗೊಳಗೇ ಉರಿ.

ಯಾಕೆ ಎಂದರೆ, ನಾನು ಮೊಳಕಾಲ್ಮೂರಿನ ನೇಕಾರರ ಮನೆಯವಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಡಿಪ್ಲೊಮಾಕ್ಕೆ ಸೇರಿದಾಗ ಒಂದಕ್ಷರ ಅರ್ಥವಾಗದೆ, ಇಂಗ್ಲಿಷ್ ಪ್ರೋಗ್ರಾಮುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಉರು ಹೊಡೆಯುತ್ತಿದ್ದೆ. ಒಂದು ದಿನ ಮೇಷ್ಟ್ರು ಆ ನೋಟ್‌ಬುಕ್ ಎತ್ತಿ ಹಿಡಿದು, ರಾಗ ಎಳೆದು ಇಡೀ ತರಗತಿಗೆ ಓದಿ ಹೇಳಿದರು. ಅರವತ್ತು ಜನ ನಕ್ಕರು. ಹಟ ಹಿಡಿದು ಇಂಗ್ಲಿಷ್ ಕಲಿತೆ. ನಾನು ಅಷ್ಟು ಅವಮಾನ ನುಂಗಿ ಪಡೆದದ್ದು ದಾರಿಹೋಕರಿಗೆಲ್ಲ ಅವರವರ ಮಾತಿನಲ್ಲಿ ಸಿಕ್ಕಿಬಿಡಬೇಕೆ? ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಹೆಸರಿಲ್ಲ.

ಆ ಬೋರ್ಡ್ ನೋಡಿ ಮೆಟ್ಟಿಲು ಹತ್ತಿ ಬಂದವನು ಅಳತೆಯಜ್ಜ. ನನ್ನಿವಾಳದ ಕಡೆಯ ಹಳ್ಳಿಯವನು. ಅಲ್ಲಿನ ರೈತರ ಸಂಘದ ಉಗ್ರಾಣದಲ್ಲಿ ಮನೆಮನೆಗೆ ಬಿತ್ತನೆ ಶೇಂಗಾ ಅಳೆದು ಕೊಡುವುದು ಅವನ ಕೆಲಸ. ಊರಿಗೆಲ್ಲ ಅವನ ಸೇರೇ ಸೇರು, ಅವನ ಕೈಯೇ ಕೈ. ಸಂಘಕ್ಕೆ ಈಗ ಕಂಪ್ಯೂಟರ್ ಬಂದಿತ್ತು. ಅದನ್ನು ನಡೆಸಲು ಬಂದರೆ ಮಾತ್ರ ಕೆಲಸ, ಇಲ್ಲದಿದ್ದರೆ ಪೇಟೆಯಿಂದ ಇಂಗ್ಲಿಷ್ ಬಲ್ಲ ಒಬ್ಬನನ್ನು ತರುತ್ತೇವೆ ಎಂದು ಅಧ್ಯಕ್ಷರು ಹೇಳಿದ್ದರಂತೆ.

"ಬಿತ್ತನೆ ಬರೋದ್ರೊಳಗೆ ಕಲಿಸು ತಾಯಿ. ಆ ಸೇರು ಬಿಟ್ರೆ ನಂಗೆ ಊರಲ್ಲಿ ಏನೈತೆ?" ಅಂದ.

ಕಲಿಸಿದೆ, ಮುಖ ಗಂಟು ಹಾಕಿಕೊಂಡೇ. ಅವನೂ ಸಾಧುವೇನಲ್ಲ. ತಂತ್ರಾಂಶದಲ್ಲಿ 'ಪುನರಾವರ್ತಿಸು' ಎಂಬ ಆಜ್ಞೆ ಕಂಡು, "ಇದ್ಯಾವೂರ ಕನ್ನಡನವ್ವ? ನಮ್ಮೂರಲ್ಲಿ ಹಿಂಗೆ ಮಾತಾಡಿದ್ರೆ ದೆವ್ವ ಬಡಿದೈತೆ ಅಂತ ಬೇವಿನ ಸೊಪ್ಪು ತರ್ತಾರೆ" ಅಂದ. ಉಳಿದ ನಾಲ್ಕೈದು ಜನ ಕಲಿಯುವವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಹೇಳಿಕೊಟ್ಟಂತೆ ಅವನು ಒಂದು ದಿನವೂ ಬರೆಯಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಅಲ್ಲಿ ಇಲ್ಲಿ ಒತ್ತುತ್ತಾ ಒಂದು ಸಂಜೆ, ಆಜ್ಞೆಗಳಿಗೆ ನಮಗೆ ಬೇಕಾದ ಹೆಸರು ಇಟ್ಟುಕೊಳ್ಳಬಹುದು ಎಂಬುದನ್ನು ತಾನೇ ಕಂಡುಹಿಡಿದ. 'ಪುನರಾವರ್ತಿಸು' ಹೋಗಿ 'ಮುಗಿಯೋಗಂಟ ಮಾಡು' ಬಂತು. ಅದು ಕಲಿಸುವವಳಾದ ನನಗೇ ಗೊತ್ತಿರಲಿಲ್ಲ. ಮರುದಿನದಿಂದ ಉಳಿದವರು ಅನುಮಾನ ಬಂದರೆ ನನ್ನನ್ನು ಬಿಟ್ಟು ಅಜ್ಜನನ್ನು ಕೇಳತೊಡಗಿದರು. ಅವನ ಬೆರಳು ಇನ್ನೂ ಒಂದೊಂದೇ ಅಕ್ಷರ ಹುಡುಕುತ್ತಿತ್ತು, ಬಾಯಿ ಮಾತ್ರ ಮೇಷ್ಟ್ರ ಬಾಯಿ. ನನಗೆ ಅವನ ಕೆಮ್ಮು ಕೇಳಿದರೂ ಮೈ ಉರಿಯುತ್ತಿತ್ತು.

ಎರಡು ತಿಂಗಳಲ್ಲಿ ಅವನ ಪ್ರೋಗ್ರಾಮ್ ಸಿದ್ಧವಾಯಿತು. ನಮ್ಮ ಕಡೆ ಕಾಳು ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು... ಹೀಗೆ ಹೋಗುತ್ತದೆ ಎಣಿಕೆ. ಅಜ್ಜ ಅದನ್ನೇ ಬರೆದಿದ್ದ. ಸೇರು ಸುರಿದಾಗಲೆಲ್ಲ ಗುಂಡಿ ಒತ್ತಿದರೆ ಪರದೆಯ ಮೇಲೆ ಲಾಭ, ಎರಡು, ಮೂರು ಎಂದು ಬರುತ್ತಿತ್ತು. ಕೊನೆಗೆ ಆ ಮನೆಗೆ ಒಟ್ಟು ಎಷ್ಟು ಸೇರು ಹೋಯಿತು ಎಂದು ಬರಬೇಕು. ಆ ಒಟ್ಟಿನ ಭಾಗವನ್ನು ಅವನು ಬರೆದು ಮುಗಿಸಿದ್ದು ತೋರಿಸಬೇಕಾದ ದಿನದ ಹಿಂದಿನ ಸಂಜೆ, ಕೇಂದ್ರಕ್ಕೆ ಬೀಗ ಹಾಕುವ ಹೊತ್ತಿಗೆ. ಬೆಳಿಗ್ಗೆ ಸಂಘದ ಅಧ್ಯಕ್ಷರೂ ಇಬ್ಬರು ಸದಸ್ಯರೂ ನೋಡಲು ಬರುವವರಿದ್ದರು.

"ಬಸ್ಸಿಗೆ ಹೊತ್ತಾತು. ಒಂದ್ಸಲ ಕಣ್ಣಾಡ್ಸಿ ಹೇಳು ತಾಯಿ, ಸರಿ ಐತಾ?" ಅಂದ.

ಓದಿದೆ. ನೋಡಿದ ಕೂಡಲೇ ಕಂಡಿತು. ಎರಡರಿಂದ ಮುಂದಿನ ಪ್ರತಿ ಸೇರಿಗೂ ಒಟ್ಟು ಲೆಕ್ಕಕ್ಕೆ ಒಂದು ಕೂಡಿಸು ಎಂದಿತ್ತು, ಲಾಭಕ್ಕೆ ಏನನ್ನೂ ಕೂಡಿಸಿರಲಿಲ್ಲ. ಲಾಭ ಎಂದರೆ ಒಂದು ಎಂಬುದು ಅವನಿಗೆ ಉಸಿರಿನಷ್ಟು ಸಹಜ, ಅದನ್ನೂ ಬಿಡಿಸಿ ಹೇಳಬೇಕು ಎಂದು ಅವನಿಗೆ ಹೊಳೆದಿರಲಿಲ್ಲ. ಕಂಪ್ಯೂಟರಿಗೇನು ಗೊತ್ತು? ಪ್ರತಿ ಮನೆಯ ಲೆಕ್ಕದಲ್ಲೂ ಒಂದು ಸೇರು ಕಡಿಮೆ ತೋರಿಸುತ್ತದೆ. ಒಂದೇ ಸಾಲು ಸೇರಿಸಿದರೆ ಸರಿಹೋಗುತ್ತಿತ್ತು.

"ಸರಿ ಐತೆ ಯಜಮಾನ್ರೇ, ಹೋಗ್ಬನ್ನಿ" ಅಂದೆ.

ನಗುತ್ತಾ ಮೆಟ್ಟಿಲಿಳಿದ.

ಮರುದಿನ ಒಗೆದ ಪಂಚೆ ಉಟ್ಟು, ತನ್ನ ಸೇರನ್ನೂ ಒಂದು ಚೀಲ ಶೇಂಗಾವನ್ನೂ ಹೊತ್ತು ತಂದ. ಅಧ್ಯಕ್ಷರ ಎದುರಿಗೆ ಹತ್ತು ಸೇರು ಅಳೆದ. ಲಾಭ ಎಂದು ಪರದೆಯ ಮೇಲೆ ಬಂದಾಗ ಸದಸ್ಯರೊಬ್ಬರು ಭಲೇ ಅಂದರು. ಕೊನೆಯ ಗುಂಡಿ ಒತ್ತಿದ. ಒಟ್ಟು ಒಂಬತ್ತು ಸೇರು ಎಂದು ಬಂತು. ಮತ್ತೆ ಅಳೆದ, ಮತ್ತೆ ಒಂಬತ್ತು. ಅಧ್ಯಕ್ಷರು ಗಹಗಹಿಸಿ ನಕ್ಕರು. "ಇಷ್ಟು ವರ್ಷ ನೀನು ಅಳೆದಿದ್ದೂ ಹಿಂಗೇಯೇನೋ ಮುದುಕಪ್ಪ? ಮನೆಗೊಂದು ಸೇರು ನುಂಗಿದ್ದೀಯ" ಅಂದರು. ತಮಾಷೆಗೆ ಅಂದದ್ದೇ ಇರಬಹುದು. ಜೀವಮಾನವಿಡೀ ಸರಿಯಾಗಿ ಅಳೆದವನಿಗೆ ಅಂಥ ಮಾತು!

ಅಜ್ಜ ನನ್ನ ಕಡೆ ತಿರುಗಿ ನೋಡಿದ. ನಾನು ಬಾಯಿ ಬಿಟ್ಟಿದ್ದರೆ ಸಾಕಿತ್ತು, ಎರಡು ನಿಮಿಷದ ಕೆಲಸ. ನಾನು ಹಾಜರಿ ಪುಸ್ತಕ ತೆರೆದುಕೊಂಡು ಏನೋ ಬರೆಯುವವಳ ಹಾಗೆ ತಲೆ ತಗ್ಗಿಸಿದೆ. ನನ್ನ ನೋಟ್‌ಬುಕ್ ಓದಿ ನಗಿಸಿದ ಮೇಷ್ಟ್ರನ್ನು ಇವತ್ತಿಗೂ ಬೈಯುತ್ತೇನೆ, ಅವತ್ತು ನಾನು ಮಾಡಿದ್ದು ಅದಕ್ಕಿಂತ ಹೀನ ಕೆಲಸ. ಕೈಗೆ ಬಂದ ತುತ್ತು ಅಜ್ಜನ ಬಾಯಿಗೆ ಬರಲಿಲ್ಲ. ಪೇಟೆಯವನಿಗೆ ಕೆಲಸ ಸಿಕ್ಕಿತು. ಅಜ್ಜ ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ವರ್ಷದೊಳಗೆ ಕೇಂದ್ರವೂ ಮುಚ್ಚಿತು. ನಾನು ಮೊಳಕಾಲ್ಮೂರಿಗೆ ಹಿಂದಿರುಗಿ ಅಲ್ಲಿನ ಒಂದು ಶಾಲೆಗೆ ಸೇರಿದೆ...

ಬಸ್ಸಿನಲ್ಲಿ ಆ ವಾಸನೆ ಮೂಗಿಗೆ ಬಡಿದ ಮೇಲೆ ಒಂದು ವಾರ ತಡೆದೆ. ಭಾನುವಾರ ಅಜ್ಜನ ಊರಿಗೆ ಹೋದೆ. ಸೊಸೆ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಚಳ್ಳಕೆರೆಯಲ್ಲಿ ಅಜ್ಜನಿಗೆ ಕಂಪ್ಯೂಟರ್ ಕಲಿಸಿದವಳು ಅಂದೆ. ಅವಳು ಮೊರ ಕೆಳಗಿಟ್ಟಳು.

"ಮಾವ ತೀರ್ಕೊಂಡು ನಾಲ್ಕು ವರ್ಷ ಆತು."

"ನನ್ನಿಂದ ಅವರಿಗೆ ಒಂದು ತಪ್ಪಾಗಿತ್ತಮ್ಮ..." ಎಂದು ಶುರು ಮಾಡಿದೆ.

"ಗೊತ್ತೈತೆ. ಅವತ್ತು ಬಸ್ಸಲ್ಲಿ ಬರ್ತಾ ಬರ್ತಾನೇ ತಪ್ಪು ಎಲ್ಲೈತೆ ಅಂತ ಅವ್ರಿಗೇ ಹೊಳೀತಂತೆ. ಆ ಮೇಡಮ್ಮಗೆ ಅದು ಕಂಡೇ ಇರ್ತೈತೆ, ಬೇಕಂತಲೇ ಬಿಟ್ಳು ಅಂದ್ರು. ಬರ್ದಿದ್ದನ್ನ ತಿದ್ಕೊಂಡು ಅಧ್ಯಕ್ಷರ ಮನೆಗೆ ಹೋದ್ರು, ಅವ್ರು ಬಾಗ್ಲಲ್ಲೇ ನಿಲ್ಸಿ ಕಳ್ಸಿದ್ರು. ಮೇಡಂ ಹತ್ರ ಅಧ್ಯಕ್ಷರಿಗೆ ಒಂದ್ ಮಾತು ಹೇಳ್ಸಿ ಮಾವ ಅಂತ ನಾವೆಲ್ಲ ಬೇಡ್ಕೊಂಡ್ವಿ."

"ಬರಲೇ ಇಲ್ಲವಲ್ಲ ಅವರು."

"ಎಂಗ್ ಬರ್ತಾರೆ? ನಾ ಹೋಗಿ ಕೇಳಿದ್ರೆ ಆ ಹುಡುಗಿ ನಾಚ್ಕೊಂಡು ಸಾಯ್ತಾಳೆ, ಬ್ಯಾಡ ಅಂದ್ರು."

ಮೊರ ಎತ್ತಿಕೊಂಡು ಅವಳು ಒಳಗೆ ಹೋದಳು. ಕೂತ್ಕೊಳ್ಳಿ ಅನ್ನಲಿಲ್ಲ, ನೀರು ಬೇಕಾ ಎಂದೂ ಕೇಳಲಿಲ್ಲ. ಕೇಳದಿದ್ದದ್ದೇ ನ್ಯಾಯ. ಊರ ಮುಂದಿನ ಕಟ್ಟೆಯ ಹತ್ತಿರ ಬಸ್ಸಿಗೆ ಕಾಯುತ್ತಾ ನಿಂತೆ. ನಾನು ಆ ಮನುಷ್ಯನ ಅನ್ನ ಕಳೆದೆ, ಅವನು ನನ್ನ ಮಾನ ಕಾಪಾಡಿದ. ಈಗ ತಪ್ಪಾಯಿತು ಎನ್ನಬೇಕೆಂದರೂ ಕೇಳಿಸಿಕೊಳ್ಳಲು ಅವನಿಲ್ಲ.