ಮಗಳ ಕೈಯ ಬಗ್ಗೆ ಒಂದು ಹೇಳಿಕೆ

ಬೆಳಗಿನ ಆರು ಗಂಟೆಗೆ ಕುಷ್ಟಗಿ ಬಸ್ ನಿಲ್ದಾಣದಲ್ಲಿ ನನ್ನ ಮಗಳ ಕಂಕುಳಿಗೆ ಎರಡೂ ಕೈ ಹಾಕಿ ಮೇಲೆತ್ತಿದೆ. ಅವಳು ಕಿರುಚಿದ ದನಿಗೆ ಕೊಪ್ಪಳದ ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಸ್ಸಿನ ಮೊದಲ ಮೆಟ್ಟಿಲು ಎತ್ತರ. ಅವಳ ಮೊಣಕಾಲು ಮಡಚುತ್ತಿರಲಿಲ್ಲ, ಬೆರಳುಗಳು ಕಂಬಿಯನ್ನು ಹಿಡಿಯುತ್ತಿರಲಿಲ್ಲ. ನಾನು ಕೆಳಗಿನಿಂದ ನೂಕಿದೆ. ಕಂಡಕ್ಟರು ಮುಂಗೈ ಹಿಡಿದು ಮೇಲಿನಿಂದ ಎಳೆದರು. ಎರಡನೇ ಸಲ ಅವಳು ಕಿರುಚಿದಾಗ ಹೆದರಿ ಕೈ ಬಿಟ್ಟರು. ಅವಳು ಹಿಮ್ಮುಖವಾಗಿ ನನ್ನ ಎದೆಯ ಮೇಲೆ ಬಿದ್ದಳು. ಇಬ್ಬರೂ ಬಾಗಿಲಿನ ತಗಡಿಗೆ ಬಡಿದೆವು. ನನ್ನ ತುಟಿ ಒಡೆಯಿತು.

ಮುಂದಿನ ಸೀಟಿನ ಮುದುಕಿ ಸುಮ್ಮನಿರಲಿಲ್ಲ. “ಏ ಯಪ್ಪಾ, ತಲಿ ಬೆಳ್ಳಗಾಗೈತಿ, ಹೆಣ್ಮಗಳನ್ನ ದನಾ ಎಳದಂಗ ಎಳೀತೀಯಲ್ಲ? ಕರುಣಾ ಅನ್ನೂದು ಇಲ್ಲೇನು?”

ಮಗಳು ಹಲ್ಲು ಕಚ್ಚಿಕೊಂಡೇ ಉತ್ತರ ಕೊಟ್ಟಳು. “ಇವತ್ತ ಹೊಡದಿಲ್ಲಬೇ ಆಯಿ. ಇವತ್ತ ಬರೇ ಎತ್ತಾಕ ಹತ್ಯಾರ.”

ಎರಡು ದಿನದಿಂದ ಅವಳು ನೋವಿನ ಗುಳಿಗೆ ತೆಗೆದುಕೊಂಡಿರಲಿಲ್ಲ. ಬೇಕೆಂದೇ ಬಿಟ್ಟಿದ್ದೆವು. ಆ ದಿನ ಒಂಬತ್ತು ಗಂಟೆಗೆ ಮೇಲ್ಮನವಿಯ ವೈದ್ಯರ ಮುಂದೆ ಅವಳು ನಿಲ್ಲಬೇಕಿತ್ತು. ಈ ಸಲ ಅವಳ ಮೈ ಇದ್ದ ಹಾಗೆಯೇ ಅವರ ಕಣ್ಣಿಗೆ ಬೀಳಬೇಕಿತ್ತು. ಯಾಕೆ ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ನಾನು ಶಾಲೆಯಲ್ಲಿ ಕವಾಯತು ಕಲಿಸುವ ಮಾಸ್ತರನಾಗಿದ್ದೆ. ಬಾಲ್ಯದಲ್ಲಿ ಬೋರ್ಡಿಂಗಿನಲ್ಲಿ ಬೆಳೆದೆ. ನಾಲ್ಕೂವರೆಗೆ ಗಂಟೆ, ಐದಕ್ಕೆ ತಣ್ಣೀರು, ಐದೂ ಕಾಲಿಗೆ ಸಾಲು. ತಡವಾಗಿ ಬಂದವನು ಜಲ್ಲಿಕಲ್ಲಿನ ಮೇಲೆ ಮಂಡಿ ಊರಬೇಕಿತ್ತು. ನಾನು ಅದನ್ನು ಒಳ್ಳೆಯದೆಂದೇ ನಂಬಿದೆ ಮತ್ತು ಮುಂದೆ ಮೂವತ್ತೆರಡು ವರ್ಷ ಅದನ್ನೇ ಕಲಿಸಿದೆ. ಈಗ ಎಪ್ಪತ್ನಾಲ್ಕು. ಈಗಲೂ ಐದಕ್ಕೆ ಸ್ನಾನ ಮುಗಿದಿರುತ್ತದೆ.

ಮಗಳಿಗೆ ನಲವತ್ತೊಂದು. ಕೀಲುಗಳನ್ನು ಒಳಗಿನಿಂದ ತಿನ್ನುವ ಸಂಧಿವಾತ ಅವಳದು. ಮದುವೆಯ ಮಾತುಗಳೆಲ್ಲ ಅವಳ ಬೆರಳು ನೋಡಿ ನಿಂತವು. ಮನೆಯಲ್ಲಿ ನಾವಿಬ್ಬರೇ, ನಡೆಯುವುದು ನನ್ನ ಪಿಂಚಣಿಯಿಂದ. ನಾನು ಸತ್ತ ತಿಂಗಳಿಗೆ ಅದು ನಿಲ್ಲುತ್ತದೆ. ನಿಲ್ಲದೆ ಅವಳಿಗೆ ಮುಂದುವರಿಯಬೇಕಾದರೆ, ತಿಂಗಳ ಅಂಗವಿಕಲ ವೇತನ ಸಿಗಬೇಕಾದರೆ, ಒಂದು ಕಾಗದ ಬೇಕು. ಅಂಗವಿಕಲತೆ ಶೇಕಡ ನಲವತ್ತಕ್ಕೆ ಕಡಿಮೆ ಇಲ್ಲ, ಶಾಶ್ವತ ಎಂದು ವೈದ್ಯರು ಸಹಿ ಮಾಡಿದ ಕಾಗದ. ಇದರ ಬಗ್ಗೆ ನಾನು ಬಹಳ ವರ್ಷ ಯೋಚಿಸಿರಲಿಲ್ಲ. ಕಳೆದ ವರ್ಷ ನನ್ನ ಎದೆ ಒಮ್ಮೆ ಹಿಡಿದುಕೊಂಡ ಮೇಲೆ ಯೋಚಿಸಿದೆ.

ಮೊದಲ ಸಲ ಯಲಬುರ್ಗಾದಲ್ಲಿ ತಪಾಸಣೆಯ ಶಿಬಿರ ಇತ್ತು. ತಪ್ಪು ಅಲ್ಲಿಯೇ ಆಯಿತು, ಮಾಡಿದವನು ನಾನು. ಸಾಹೇಬರ ಮುಂದೆ ಹೋಗುವಾಗ ಮನುಷ್ಯರಂತೆ ಹೋಗಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ನಾನು ಅದಕ್ಕೆ ನನ್ನ ಶಿಸ್ತನ್ನೂ ಸೇರಿಸಿದೆ. ಹಿಂದಿನ ದಿನ ಅವಳನ್ನು ಗಂಗಾವತಿ ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿ ಸೂಜಿ ಚುಚ್ಚುವ ಒಬ್ಬನಿದ್ದಾನೆ. ಗದ್ದೆಯಲ್ಲಿ ನಾಟಿ ಮಾಡುವ ಹೆಣ್ಣುಮಕ್ಕಳು ಸೊಂಟ ನೋವಿಗೆ ಅವನ ಮುಂದೆ ಸಾಲು ನಿಲ್ಲುತ್ತಾರೆ. ಅವನು ಚುಚ್ಚಿದರೆ ಎರಡು ದಿನ ಎಂಥ ನೋವೂ ಮಾಯ. ಮರುದಿನ ಮಗಳು ಎಣ್ಣೆ ಹಚ್ಚಿ ತಲೆ ಬಾಚಿ, ಇಳಕಲ್ ಸೀರೆ ಉಟ್ಟು ನೆಟ್ಟಗೆ ನಿಂತಳು.

ವೈದ್ಯರು ಮುಷ್ಟಿ ಕಟ್ಟು ಎಂದರು. ಕಟ್ಟಿದಳು. ನಡೆ ಎಂದರು. ನಡೆದಳು, ನನ್ನ ಕವಾಯತಿನ ಮಕ್ಕಳ ಹಾಗೆ ಎದೆ ಎತ್ತಿ. ನಾನು ಬಾಗಿಲ ಬಳಿ ನಿಂತು ಶಾಬಾಸ್ ಎಂದುಕೊಂಡೆ. ತಿಂಗಳೊಪ್ಪತ್ತಿನಲ್ಲಿ ಕಾಗದ ಬಂತು: ಶೇಕಡ ಮೂವತ್ತು, ತಾತ್ಕಾಲಿಕ, ಚಿಕಿತ್ಸೆಯಿಂದ ಸರಿಹೋಗುವಂಥದ್ದು. ಅರ್ಜಿ ತಿರಸ್ಕೃತ.

ಆ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕಂಡದ್ದನ್ನು ಬರೆದರು.

ಸೂಜಿಯ ಅಮಲು ಇಳಿದ ಮೇಲೆ ಬಂದದ್ದನ್ನು ಅವರು ನೋಡಲಿಲ್ಲ. ಮಣಿಕಟ್ಟುಗಳು ಬಾತು ಕೆಂಡವಾದವು. ಸೀರೆಯ ಸೆರಗು ತಾಗಿದರೂ ಕೂಗಿದಳು. ಒಂದು ಮಧ್ಯಾಹ್ನ ಕೈಯ ನೋವು ಮರೆಯಲೆಂದು ಹಣೆಯನ್ನು ಗೋಡೆಗೆ ಬಡಿಯತೊಡಗಿದಳು. ಒಂದು, ಎರಡು, ಮೂರು, ಲೆಕ್ಕವಿಟ್ಟು ಬಡಿದ ಹಾಗೆ. ನಾನು ಗೋಡೆಗೂ ಅವಳ ಹಣೆಗೂ ನಡುವೆ ನನ್ನ ಅಂಗೈ ಇಟ್ಟೆ. ಅವಳು ಅದರ ಮೇಲೂ ಬಡಿದಳು. ನಾನು ತೆಗೆಯಲಿಲ್ಲ. ನನ್ನ ಬೆರಳುಗಳು ನೀಲಿಯಾದವು.

ಮೇಲ್ಮನವಿ ಕೊಡಲು ಕೊಪ್ಪಳಕ್ಕೆ ಹೋದೆವು. ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ನನ್ನನ್ನು ಕಂಡ ಕೂಡಲೇ ಎದ್ದು ನಿಂತು ಕಾಲು ಮುಟ್ಟಿದ. ನನ್ನ ಹಳೆಯ ವಿದ್ಯಾರ್ಥಿ. ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿದ, “ನಮ್ಮ ಸರ್ ರೀ ಇವ್ರು. ಏನ್ ಹೊಡೀತಿದ್ರು ಅಂತೀರಿ! ಹುಣಸಿ ಛಡಿ ಮುರಿಯೂತನಕ ಬಿಡ್ತಿರಲಿಲ್ಲ. ಅವತ್ತ ಹೊಡದಿದ್ದಕ್ಕ ಇವತ್ತ ನಾ ಈ ಕುರ್ಚಿಮ್ಯಾಲ ಅದೀನಿ.”

“ನನಗೂ ಹೊಡದಾರಪಾ,” ಎಂದಳು ಮಗಳು. “ನನಗ ಕುರ್ಚಿ ಸಿಗಲಿಲ್ಲ ನೋಡು.”

ಅವನು ನಕ್ಕ. ತಮಾಷೆ ಎಂದುಕೊಂಡಿರಬೇಕು. ಆಮೇಲೆ ನನ್ನ ಮನವಿ ಓದಿದ. ಅದನ್ನು ನಾನು ಅಚ್ಚುಕಟ್ಟಾಗಿ, ಕ್ರಮಸಂಖ್ಯೆ ಹಾಕಿ ಬರೆದಿದ್ದೆ. ‘ಸದರಿಯವರು ದೀರ್ಘಕಾಲದಿಂದ ಬಳಲುತ್ತಿದ್ದು’ ಎಂಬಲ್ಲಿ ಅವನು ಪೆನ್ನು ಇಟ್ಟ.

“ಸರ್, ದೀರ್ಘಕಾಲ ಅಂದ್ರ ಯಾವಾಗಿಂದ? ತಾತ್ಕಾಲಿಕ ಅಲ್ಲ ಅಂತ ತೋರಸಬೇಕಂದ್ರ ಹಳೇ ಚೀಟಿ ಬೇಕ್ರಿ. ಮೊದಲ ಯಾವ ದವಾಖಾನಿಗೆ ತೋರಿಸಿದ್ರಿ?”

ತೋರಿಸಿರಲಿಲ್ಲ. ಮೊದಲ ಹದಿನಾಲ್ಕು ವರ್ಷ ಎಲ್ಲಿಯೂ ತೋರಿಸಿರಲಿಲ್ಲ.

“ಹಂಗಾದ್ರ ಕಣ್ಣಾರೆ ಕಂಡವರು ಯಾರರ ಬರದು ಸಹಿ ಮಾಡಿಕೊಟ್ರ ವೈದ್ಯರ ಮುಂದ ಇಡಬಹುದು. ಏನು ಕಂಡ್ರಿ, ಯಾವ ವಯಸ್ಸಿನಾಗ, ಎಲ್ಲಾ ಬಿಡಿಸಿ ಬರೀಬೇಕ್ರಿ.”

ಮಗಳು ನನ್ನ ಕಡೆ ತಿರುಗಿದಳು. “ಕಂಡವರು ನೀವೊಬ್ರ, ಅಪ್ಪಾ. ಬರೀರಿ.”

ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಬರೆದೆ. ಬರೆದದ್ದು ಇದು.

ಅವಳಿಗೆ ಹದಿನೇಳು ವರ್ಷ. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ನಾವು ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿದ್ದೆವು. ಬೆಳಗಿನ ರೊಟ್ಟಿ ಅವಳ ಪಾಲಿನ ಕೆಲಸ. ಐದೂವರೆಗೆ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರಬೇಕು, ಆರಕ್ಕೆ ನಾನು ಉಂಡು ಮೈದಾನಕ್ಕೆ ಹೋಗಬೇಕು. ಒಂದು ದಿನ ಸಪ್ಪಳ ಬರಲಿಲ್ಲ. ಹೋಗಿ ನೋಡಿದರೆ ಜೋಳದ ಹಿಟ್ಟಿನ ಮುಂದೆ ಸುಮ್ಮನೆ ಕುಳಿತಿದ್ದಳು. ಕೈ ಮಡಚಾಕ ಬರವಲ್ದು ಎಂದಳು. ಸೋಮಾರಿತನ ಎಂದುಕೊಂಡೆ. ಹತ್ತು ಗಂಟೆಯ ಹೊತ್ತಿಗೆ ಅವೇ ಕೈಗಳು ನೀರು ಸೇದುತ್ತಿದ್ದುದನ್ನು ಕಂಡು ಅದು ಕಳ್ಳಾಟವೆಂದು ಖಚಿತ ಮಾಡಿಕೊಂಡೆ. ಮರುದಿನವೂ ಕೈ ಏಳಲಿಲ್ಲ. ಹುಣಸೆಯ ಛಡಿ ತಂದು ಎರಡೂ ಅಂಗೈಗೆ ಹೊಡೆದೆ. ಅಂಗೈ ತಿರುವಿಸಿ ಗೆಣ್ಣಿಗೂ ಹೊಡೆದೆ. ಬೆಳಗ್ಗೆ ಬಿಗಿಯುವುದು, ಹೊತ್ತೇರಿದಂತೆ ಸಡಿಲವಾಗುವುದು ಈ ರೋಗದ ಮೊದಲ ಗುರುತು ಎಂದು ಎಷ್ಟೋ ವರ್ಷಗಳ ನಂತರ ಒಬ್ಬ ವೈದ್ಯರು ಹೇಳಿದರು. ನಾನು ಆ ಗುರುತನ್ನು ಎಲ್ಲರಿಗಿಂತ ಮೊದಲು ಕಂಡಿದ್ದೆ.

ಮಗಳು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಓದಿದಳು.

“ಎರಡು ದಿನ ಅಂತ ಬರದೀರಿ.”

“ಎಷ್ಟು ದಿನ?”

“ಆ ಚಳಿಗಾಲ ಪೂರ್ತಿ. ದಿನಾ ಐದೂ ಮುಕ್ಕಾಲಿಗೆ. ನಿಮ್ಮ ಟೈಮ್ ಯಾವಾಗ ತಪ್ಪೈತಿ?” ಕಾಗದ ವಾಪಸು ಕೊಡುತ್ತ ಹೇಳಿದಳು, “ಹಿಟ್ಟಿನ ಪರಾತ ಎತ್ತಿ ನನ್ನ ಮ್ಯಾಲ ಹಾಕಿದ್ದು ಬರೀರಿ. ಕಾದ ಹಂಚಿನ ಹತ್ರ ಕೈ ಒಯ್ದು, ಈಗ ಮಡಚತಾವೇನು ನೋಡೂಣು ಅಂದಿದ್ದು ಬರೀರಿ.”

ಬರೆದೆ. ಗುಮಾಸ್ತ ಅದನ್ನು ತೆಗೆದುಕೊಂಡು ಓದಿ, ಮೊಹರು ಹಾಕಿ, ದಿನ ಗೊತ್ತುಮಾಡಿ ಕೊಟ್ಟ. ನಾವು ಹೊರಡುವಾಗ ಎದ್ದು ನಿಲ್ಲಲಿಲ್ಲ.

ಬೆಳಗಿನ ಮೊದಲ ಸರದಿಯಲ್ಲಿಯೇ ಪರೀಕ್ಷಿಸಬೇಕೆಂದು ಮನವಿಯಲ್ಲಿ ಕೇಳಿಕೊಂಡಿದ್ದೆ. ಎರಡು ದಿನ ನೋವಿನ ಗುಳಿಗೆ ಬಿಟ್ಟರೆ ಜೀವಕ್ಕೆ ಅಪಾಯವಿಲ್ಲವೆಂದು ಅವಳ ವೈದ್ಯರನ್ನು ಕೇಳಿ ತಿಳಿದುಕೊಂಡಿದ್ದೆ. ಹೀಗಾಗಿ ಆ ಆರು ಗಂಟೆಯ ಬಸ್ಸು.

ಕೊಪ್ಪಳದಲ್ಲಿ ಸಾಲು ಆಗಲೇ ಇತ್ತು. ಬಾಗಿಲು ತೆರೆದೊಡನೆ ಜನ ನುಗ್ಗಿದರು. ಒಬ್ಬನ ಊರುಗೋಲು ನನ್ನ ಪಕ್ಕೆಗೆ ಬಡಿಯಿತು. ಹಿಂದಿನಿಂದ ಯಾರೋ, “ಕೈ ಕಾಲು ಎಲ್ಲಾ ಅದಾವ, ಈಕಿಗೆ ಏನಾಗೈತಿ ಧಾಡಿ?” ಎಂದು ಮಗಳ ಭುಜ ಹಿಡಿದು ಪಕ್ಕಕ್ಕೆ ತಳ್ಳಿದ. ಅವಳು ನೆಲಕ್ಕೆ ಬಿದ್ದಳು. ನನ್ನ ಕೈ ತಾನಾಗಿ ಮೇಲೆದ್ದಿತು. ಅವನ ಅಂಗಿಯ ಕೊರಳು ನನ್ನ ಮುಷ್ಟಿಯಲ್ಲಿತ್ತು. ಕೆನ್ನೆಗೆ ಬೀಸಬೇಕು, ಅಷ್ಟರಲ್ಲಿ ಮಗಳು ನೆಲದಿಂದಲೇ ಹೇಳಿದಳು, “ಬಿಡ್ರಿ. ನಿಮಗ ಅದೊಂದ ಬರತೈತಿ.”

ಬಿಟ್ಟೆ. ಅವನು ನನ್ನ ಎದೆಗೆ ಗುದ್ದಿದ. ನಾನು ತಿರುಗಿ ಹೊಡೆಯಲಿಲ್ಲ. ಮಗಳನ್ನು ಎತ್ತಿ ನಿಲ್ಲಿಸಿ, ಹಿಡಿದುಕೊಂಡು ಒಳಗೆ ಹೋದೆ.

ಮೂವರು ವೈದ್ಯರಿದ್ದರು. ನಡುವೆ ಕುಳಿತಿದ್ದ ವೈದ್ಯೆ ಹೆಚ್ಚು ಮಾತಾಡುವವರಲ್ಲ. ಅಳತೆಯ ಪಟ್ಟಿ ಇಟ್ಟು ಒಂದೊಂದೇ ಬೆರಳು ಮಡಚಿಸಿದರು. ಮಡಚದಿದ್ದಲ್ಲಿ ತಾವೇ ಒತ್ತಿದರು. ಮಗಳು ಮೇಜಿನ ಅಂಚು ಕಚ್ಚಿದಳು. ಮರದ ಮೇಲೆ ಹಲ್ಲಿನ ಗುರುತು ಮೂಡಿತು. ಅವರು ನಿಲ್ಲಿಸಲಿಲ್ಲ, ಅಂಕಿ ಹೇಳುತ್ತ ಹೋದರು, ಪಕ್ಕದವರು ಬರೆಯುತ್ತ ಹೋದರು. ನನಗೆ ಆ ಮೇಜನ್ನು ಎತ್ತಿ ಹಾಕಬೇಕೆನ್ನಿಸಿತು. ಕೈ ಹಿಂದೆ ಕಟ್ಟಿ ನಿಂತೆ.

ಆಮೇಲೆ ಅವರು ಹೊಸದಾಗಿ ತೆಗೆಸಿದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ಎಡಗೈಯನ್ನೇ ನೋಡಿದರು.

“ಇದು ರೋಗ ಅಲ್ಲ. ಈ ಮುಂಗೈ ಎಲುಬು ಮುರದು ಸೊಟ್ಟ ಕೂಡೈತಿ. ಹಳೇದು. ಹೆಂಗಾತು?”

“ಬೋರಿಂಗಿನ ಹತ್ರ ಬಿದ್ದೆ ಅಂತ ಹೇಳಿದ್ದೆ,” ಎಂದಳು ಮಗಳು.

“ಯಾರಿಗೆ ಹೇಳಿದ್ದಿ?”

“ಇವರಿಗೆ.”

ವೈದ್ಯೆ ನನ್ನನ್ನು ನೋಡಿದರು. ನನಗೆ ನೆನಪಿತ್ತು. ಪಕ್ಕದ ಮನೆಯ ಹೆಣ್ಣುಮಗಳು ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿದ್ದಳು. ನಾನು ಆ ಸಂಜೆ, ನೋಡಿಕೊಂಡು ನಡೆಯಬಾರದೇ ಎಂದು ಬೈದಿದ್ದೆ.

“ಬಿದ್ದಾಗ ಅಂಗೈ ಊರತೀವಿ, ಆಗ ಮಣಿಕಟ್ಟು ಮುರೀತೈತಿ,” ಎಂದರು ವೈದ್ಯೆ. “ಇದು ಬ್ಯಾರೆ ಜಾಗಾ. ಮಾರಿ ಉಳಸ್ಕೊಳ್ಳಾಕ ಕೈ ಅಡ್ಡ ಹಿಡದಾಗ ಮುರಿಯೂದು ಇಲ್ಲಿ. ಇದಕ್ಕ ಅಂಗೈ ಮ್ಯಾಲ ತಿರುಗೂದಿಲ್ಲ. ಇದನ್ನೂ ಲೆಕ್ಕಕ್ಕ ಹಿಡೀಬೇಕಾಗತೈತಿ. ಕಾರಣದ ಕಾಲಂನಾಗ ಏನು ಬರೀಲಿ?”

“ಅವ್ರನ್ನ ಕೇಳ್ರಿ.”

ಆ ಬೆಳಗ್ಗೆ ಹುಣಸೆಯ ಛಡಿ ಮುರಿದಿತ್ತು. ಬಾಗಿಲ ಹಿಂದೆ ನನ್ನ ಕವಾಯತಿನ ಲಾಠಿ ಇತ್ತು. ಬೆನ್ನಿಗೆಂದು ಬೀಸಿದ್ದೆ. ಅವಳು ತಿರುಗಿದ್ದಳು, ಎಡಗೈ ಎತ್ತಿದ್ದಳು. ಬಿದ್ದ ಪೆಟ್ಟಿನ ಸಪ್ಪಳ ಬೇರೆ ಥರ ಇತ್ತು. ಅದು ನನಗೆ ಆಗಲೇ ಕೇಳಿಸಿತ್ತು. ಆರು ಗಂಟೆಯಾಗಿತ್ತು, ಮೈದಾನಕ್ಕೆ ಹೋದೆ. ಸಂಜೆ ಬಂದಾಗ ಬೋರಿಂಗಿನ ಮಾತು ಸಿದ್ಧವಿತ್ತು, ನಂಬಿದೆ. ನಂಬಿದೆ ಎಂದೇ ಈವರೆಗೆ ಹೇಳಿಕೊಂಡಿದ್ದೆ.

“ಲಾಠಿ,” ಎಂದೆ. “ನನ್ನ ಕೈಯಲ್ಲಿದ್ದದ್ದು.”

ವೈದ್ಯೆ ನನ್ನ ಹೇಳಿಕೆಯ ಹಾಳೆಯನ್ನೇ ನನ್ನ ಮುಂದೆ ಸರಿಸಿದರು. ಕೊನೆಯ ಸಾಲಿನ ಕೆಳಗೆ ಅದನ್ನು ಸೇರಿಸಿ ಬರೆದು, ಹೆಸರು, ಹುದ್ದೆ, ನಿವೃತ್ತ ಎಂದು ಹಾಕಿ ಸಹಿ ಮಾಡಿದೆ. ಮೂವರೂ ನೋಡುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು.

ಹೊರಗೆ ಬಂದು ಅವಳ ನಾಲಿಗೆಯ ಮೇಲೆ ಗುಳಿಗೆ ಇಟ್ಟು ನೀರು ಕುಡಿಸಿದೆ. “ಅವತ್ತ ಬೆಂಚಿನ ಮ್ಯಾಲ ಕುಂತು ಬರಿಯೂವಾಗ ಇದನ್ಯಾಕ ಹೇಳಲಿಲ್ಲ?” ಎಂದು ಕೇಳಿದೆ.

“ಇದನ್ನ ಹೇಳಿದ್ರ ಉಳದಿದ್ದನ್ನೂ ನೀವು ಬರೀತಿರಲಿಲ್ಲ,” ಎಂದಳು. “ನನಗ ಕಾಗದ ಬೇಕಿತ್ತು.”

ಆರು ವಾರಕ್ಕೆ ಅಂಚೆಯಲ್ಲಿ ಆದೇಶ ಬಂತು. ಹಿಂದಿನ ತೀರ್ಮಾನ ರದ್ದು. ಶೇಕಡ ಐವತ್ತೆರಡು, ಶಾಶ್ವತ. ಕಾರಣದ ಕಾಲಂನಲ್ಲಿ ಎರಡು ಸಾಲು: ಒಂದು ರೋಗದ ಹೆಸರು, ಇನ್ನೊಂದು ಪೆಟ್ಟಿನಿಂದಾದ ಹಳೆಯ ಮೂಳೆಮುರಿತ, ತಂದೆಯ ಹೇಳಿಕೆಯಂತೆ. ಮಗಳು ಅದನ್ನು ಅಂಗಳದಲ್ಲಿ ಕುಳಿತು ಎರಡು ಸಲ ಓದಿದಳು.

“ಇನ್ನ ನೀವು ಯಾವಾಗರ ಸಾಯ್ರಿ, ಅಪ್ಪಾ,” ಎಂದಳು. “ನಾ ಬದುಕತೀನಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಮಳೆ ಬರಬಹುದು ಎಂದು ಹೇಳುವ ಹಾಗೆ ಹೇಳಿದಳು.

“ಆತು,” ಎಂದೆ. ಪಿಂಚಣಿ ಕಚೇರಿಗೆ ಕೊಡಲು ಮೂರು ಪ್ರತಿ ಬೇಕಾಗಿದ್ದವು. ಚಪ್ಪಲಿ ಮೆಟ್ಟಿ ಝೆರಾಕ್ಸ್ ಅಂಗಡಿಗೆ ಹೊರಟೆ. ಅಂಗಡಿಯವನು ನಮ್ಮ ಓಣಿಯವನೇ. ಎಲ್ಲರ ಕಾಗದವನ್ನೂ ಓದುತ್ತಾನೆ.