ಅಜ್ಜಿ ಹಚ್ಚಿದ ಎಣ್ಣಿ

ಜಕ್ಕಲಿ ಊರಾಗ ಒಂದು ಮನಿ ಗೇಟಿನ ತುಕ್ಕು ತಿಕ್ಕಿ ತಗದು, ತುಕ್ಕು ತಡಿಯೋ ರೆಡ್ ಆಕ್ಸೈಡ್ ಬಳದು ಬಂದಿದ್ದೆ. ಐದು ವರ್ಷ ತುಕ್ಕು ಹಿಡಿಯಂಗಿಲ್ಲ ಅಂತ ಗ್ಯಾರಂಟಿನೂ ಕೊಟ್ಟಿದ್ದೆ. ಮರುದಿನ ಅಮಾಸಿ. ಮ್ಯಾಲಿನ ಬಣ್ಣ ಹಚ್ಚಾಕ ಹೋದ್ರ, ಆ ಮನಿ ಅಜ್ಜಿ ಗೇಟಿನ ನಡುವ ಎಣ್ಣಿ ಸವರಿ, ಕುಂಕುಮ ಹಚ್ಚಿ, ಪೂಜಿ ಮುಗಿಸಿ ಕುಂತಿದ್ಲು.

"ಎಣ್ಣಿ ಮ್ಯಾಲ ಬಣ್ಣ ನಿಲ್ಲಂಗಿಲ್ಲ ಯವ್ವಾ, ಒರಸ್ತೀನಿ" ಅಂದೆ.

"ಬ್ಯಾಡೋ ತಮ್ಮಾ. ನಾಡಿದ್ದು ನನ್ನ ಸೊಸಿ ಕೂಸು ಎತಗೊಂಡು ತವರಿಂದ ಇದ ಗೇಟಿನಾಗ ಒಳಗ ಬರ್ತಾಳ."

ಆಕಿ ಮಾರಿ ನೋಡಿ ಒರಸಾಕ ಕೈ ಬರಲಿಲ್ಲ. ಅಂಗೈಯಷ್ಟು ಜಾಗಾ ಬಿಟ್ಟು ಬಣ್ಣ ಹಚ್ಚಿ, "ಇಲ್ಲಿ ತುಕ್ಕು ಬಂದ್ರ ನನ್ನ ಬೈಬ್ಯಾಡಬೇ" ಅಂತ ಹೇಳಿ ಬಂದೆ.

ಎರಡು ವರ್ಷದ ಮ್ಯಾಲ ಮೊನ್ನೆ ಆ ಕಡೆ ಹೋಗಿದ್ದೆ. ಅಜ್ಜಿ ಅಮಾಸಿಗೊಮ್ಮೆ ಎಣ್ಣಿ ಹಚ್ಚೋ ಆ ಅಂಗೈಯಷ್ಟು ಜಾಗಾ ಹಂಗ ಐತಿ. ತುಕ್ಕು ಬಂದದ್ದು ನಾ ಗ್ಯಾರಂಟಿ ಕೊಟ್ಟ ಕಡೆ.