ಮುಯ್ಯಾಳು ನಿಂತ ಮನೆ

ನಾಲ್ಕು ತಾಲ್ಲೂಕಿನ ಜನರನ್ನು ಕಾಡುವ ಒಂದು ವಿಷಯ ಹಿಡಿದು, ಅದನ್ನು ಬಲ್ಲವರ ಜೊತೆ ಮಾತಾಡಿ, ಅರ್ಧ ಪುಟದಷ್ಟು ಬರೆಯುವುದು ಪತ್ರಿಕೆಯಲ್ಲಿ ನನಗೆ ವಹಿಸಿದ್ದ ವಾರದ ಕೆಲಸ. ಎಚ್.ಡಿ. ಕೋಟೆಯಲ್ಲಿ ಕಾಡಂಚಿನ ಜಮೀನುಗಳ ಬಗ್ಗೆ ಒಬ್ಬ ಅರಣ್ಯ ವಿಜ್ಞಾನಿ, ಹುಣಸೂರಿನಲ್ಲಿ ಗರ್ಭಿಣಿಯರ ರಕ್ತಹೀನತೆಯ ಬಗ್ಗೆ ಒಬ್ಬ ವೈದ್ಯೆ, ಹೀಗೆ. ಅವರು ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ, ಭಾನುವಾರ ಅಚ್ಚಾಗುತ್ತಿತ್ತು. ಅದನ್ನು ಯಾರು ಯಾವ ಕಾರಣಕ್ಕೆ ಓದುತ್ತಾರೆ ಎಂದು ಯೋಚಿಸುವ ಅಭ್ಯಾಸ ನನಗಿರಲಿಲ್ಲ.

ಹೊಗೆಸೊಪ್ಪು ಬೇಯಿಸುವ ಕಾಲ. ಬೆಟ್ಟದಪುರದ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹೆಂಗಸು ಫೋನು ಮಾಡಿದಳು. ಹಿಂದಿನ ವರ್ಷ ಸೌದೆಯ ಬಗ್ಗೆ ಬರೆಯಲು ಹೋಗಿದ್ದಾಗ ಅವಳು ಸೊಪ್ಪು ಬೇಯಿಸುವ ಮನೆಯ, ಅವರ ಮಾತಿನಲ್ಲಿ ಬ್ಯಾರನ್ನಿನ, ಮುಂದೆ ಕೂತು ಮಾತಾಡಿದ್ದೆ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ, ಎರಡು ಎಕರೆ ಹೊಗೆಸೊಪ್ಪು ಅವಳೇ ನೋಡಿಕೊಳ್ಳುತ್ತಿದ್ದಳು.

"ಸಾ, ನಮ್ಮನೇಗೆ ಮುಯ್ಯಾಳು ನಿಲ್ಸವ್ರೆ" ಎಂದಳು.

ಹೊಗೆಸೊಪ್ಪು ಬೆಳೆಯದವರಿಗೆ ಈ ಮಾತಿನ ತೂಕ ಗೊತ್ತಾಗುವುದಿಲ್ಲ. ಬೆಳಿಗ್ಗೆ ಮುರಿದ ಸೊಪ್ಪನ್ನು ಅಂದೇ ಕಡ್ಡಿಗೆ ಕಟ್ಟಬೇಕು, ಅಂದೇ ಬ್ಯಾರನ್ನಿಗೆ ತುಂಬಬೇಕು. ರಾಶಿ ಬಿದ್ದರೆ ಕಾವು ಏರಿ ಕಪ್ಪಾಗುತ್ತದೆ. ಒಂದು ಬ್ಯಾರನ್ನಿಗೆ ಹದಿನೈದು ಜೊತೆ ಕೈಯಾದರೂ ಬೇಕು. ಅಷ್ಟು ಜನ ಯಾರ ಮನೆಯಲ್ಲೂ ಇಲ್ಲ. ಹಾಗಾಗಿ ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಅದು ಮುಯ್ಯಾಳು. ಹೊರಗಿನಿಂದ ಕೂಲಿಯವರನ್ನು ತುಂಬಿಕೊಂಡು ಬರುವ ಆಟೋದವನೂ ಅವಳ ಮನೆಯ ಮುಂದೆ ನಿಲ್ಲಿಸದೆ ಹೋಗುತ್ತಿದ್ದ.

ಕಾರಣ ಅವಳ ಮನೆಯೊಳಗಿತ್ತು. ಸತ್ತುಹೋದ ತಂಗಿಯ ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿದ್ದಳು. ಎರಡೂ ಕಡೆಯವರು ಬಾಗಿಲು ಹಾಕಿಕೊಂಡಿದ್ದರು. ಗಂಡ ಎಚ್.ಡಿ. ಕೋಟೆಯ ಕಡೆ ಶುಂಠಿ ಹೊಲದಲ್ಲಿ ಕೆಲಸಕ್ಕಿದ್ದು ಅಲ್ಲೇ ಶೆಡ್ಡಿನಲ್ಲಿ ಇರುತ್ತಿದ್ದ. ಹೆರಿಗೆಯಾದಾಗ ಹುಡುಗಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಮೂರು ತಿಂಗಳು ಬಾಣಂತನ ಮಾಡಿ ಕಳಿಸುತ್ತೇನೆಂದು ಈಕೆ ಕರೆತಂದಿದ್ದಳು. ಹನ್ನೆರಡನೆಯ ದಿನ ಊರಿನವರು ಸೇರಿ, ಹುಡುಗಿಯನ್ನು ಕಳಿಸುವವರೆಗೆ ಆ ಮನೆಗೆ ಯಾರೂ ಹೋಗಬಾರದೆಂದು ಕಟ್ಟು ಮಾಡಿದ್ದರು.

"ಬಾಯ್ಮಾತಾ, ಬರ್ದಿದ್ದಾರಾ?" ಎಂದು ಕೇಳಿದೆ.

"ಊರ ಪುಸ್ತಕದಲ್ಲಿ ಬರ್ದವ್ರೆ ಸಾ. ಎಲ್ರೂ ರುಜು ಆಕವ್ರೆ. ನನ್ ಕಣ್ಣೆದ್ರುಗೇ ಬರುದ್ರು, ನಾನೇನು ಬೆದ್ರುಕತೀನಿ ಅಂತ."

ಮರುದಿನ ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರಕ್ಕೆ ಹೋದೆ. ಮೈಸೂರಿನಲ್ಲಿ ಬಹಳ ವರ್ಷ ಕಾನೂನು ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಅಲ್ಲಿ ಭತ್ತ ಬೆಳೆದುಕೊಂಡಿದ್ದರು. ಗದ್ದೆಯ ಬದುವಿನ ಮೇಲೆ ನಿಂತೇ ಎಲ್ಲ ಕೇಳಿಸಿಕೊಂಡರು.

"ಅವರು ಹೊಡೆದಿಲ್ಲ, ಬೈದಿಲ್ಲ. ಬರಲಿಲ್ಲ, ಮಾತಾಡಲಿಲ್ಲ, ಅಷ್ಟೇ. ಬರದೇ ಇದ್ದದ್ದನ್ನ ಎತ್ತಿಕೊಂಡು ಹೋಗಿ ಕೋರ್ಟಿನಲ್ಲಿ ತೋರ್ಸೋಕಾಗುತ್ತೇನ್ರಿ?"

"ಮತ್ತೆ ಏನು ತೋರಿಸಬೇಕು ಸಾರ್?"

"ಎಲ್ಲರೂ ಕೂತು ತೀರ್ಮಾನ ಮಾಡಿದ್ರು ಅನ್ನೋದನ್ನ. ಇಂಥ ಊರುಗಳಲ್ಲಿ ಪುಸ್ತಕ ಇಡ್ತಾರೆ. ಆ ಹಾಳೆ ಸಿಕ್ಕಿದ್ರೆ ಇಡೀ ಊರು ಸಿಕ್ಕಿದ ಹಾಗೆ. ಅದಿಲ್ಲದಿದ್ರೆ, ಅವರವರ ಇಷ್ಟ, ಕರೆದ್ರೆ ಹೋಗ್ಲೇಬೇಕಾ ಅಂತಾರೆ. ಪೊಲೀಸರು ಟೀ ಕುಡಿದು ವಾಪಸ್ ಬರ್ತಾರೆ."

ಬುಧವಾರ ತಾವೇ ಬಂದು ದೂರು ಬರೆಸಿಕೊಡುವುದಾಗಿಯೂ ಹೇಳಿದರು. ಅದಕ್ಕೆ ಮುಂಚೆ ಗದ್ದೆಗೆ ಆಳು ಬರುವುದಿತ್ತು.

ಆ ವಾರದ ಪುಟಕ್ಕೆ ಮೇಷ್ಟ್ರ ಮಾತುಗಳನ್ನೇ ತೆಗೆದುಕೊಂಡೆ. ಊರಿನ ಹೆಸರು ತೆಗೆದೆ, ತಾಲ್ಲೂಕಿನ ಹೆಸರು ತೆಗೆದೆ, ಹುಡುಗಿ ಮತ್ತು ಮಗುವಿನ ಸುಳಿವೇ ಇಲ್ಲದಂತೆ ಬರೆದೆ. ಹಾಳೆಯ ಮಾತನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಇಡೀ ಸಂದರ್ಶನದಲ್ಲಿ ಓದುಗರಿಗೆ ಉಪಯೋಗಕ್ಕೆ ಬರುವ ಮಾತು ಅದೇ ಎಂದು ಡೆಸ್ಕಿನವರೂ ಹೇಳಿ, ದಪ್ಪಕ್ಷರದಲ್ಲಿ ಚೌಕಟ್ಟು ಹಾಕಿದರು. ದೂರು ಬುಧವಾರ, ಪುಟ ಭಾನುವಾರ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ನನ್ನದಾಗಿತ್ತು. ನೋಡಲಿಲ್ಲ. ಒಂದು ವಾರ ತಡೆದಿದ್ದರೆ ಆ ಜಾಗಕ್ಕೆ ಹಾಕಲು ಬೇರೆ ಲೇಖನವೂ ನನ್ನ ಬಳಿ ಇತ್ತು.

ಸೋಮವಾರ ಬೆಳಿಗ್ಗೆ ಬಂದ ಫೋನು ಊರಿನ ಯಜಮಾನರದು. ನಂಬರು ಹೇಗೆ ಸಿಕ್ಕಿತೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. "ಒಂದ್ ಗಳ್ಗೆ ಬಂದೋಗಿ ಸಾ, ಕಾಪಿ ಕುಡ್ದಂಗಾಯ್ತದೆ" ಎಂದರು.

ಅರಳಿಕಟ್ಟೆಯ ಪಕ್ಕದ ಸಮುದಾಯ ಭವನದಲ್ಲಿ ಏಳೆಂಟು ಜನ ಕೂತಿದ್ದರು. ಬೆಂಚಿನ ಮೇಲೆ ನಮ್ಮ ಭಾನುವಾರದ ಪುಟವಿತ್ತು.

"ಪೇಪರ್ನೋರು ಬಂದ್ರು, ಕುರ್ಚಿ ಆಕ್ಲಾ" ಎಂದರು ಯಜಮಾನರು. ಬಿಳಿ ಅಂಗಿ, ನಿಧಾನದ ಮಾತು. "ನಮ್ಮೂರ ಎಸ್ರಾಕ್ಲಿಲ್ಲ ನೀವು. ದೊಡ್ ಮನ್ಸು ಕಣ್ರೀ ನಿಮ್ದು."

"ನಿಮ್ಮೂರಿನ ವಿಷಯ ಅಂತ ನಾನು ಹೇಳಿಲ್ಲವಲ್ಲ."

"ಯೋಳಿಲ್ಲ ಬುಡಿ. ನಾವೇ ಬೀದೀಲಿ ಓಗೋ ಮಾರೀನ ಮನೇಗೆ ಕರ್ಕಂಡ್ವಿ ಅನ್ಕಳಿ." ಹಿಂದೆ ಕೂತವರು ನಕ್ಕರು. ಯಜಮಾನರು ನಗಲಿಲ್ಲ. "ಮೇಷ್ಟ್ರು ಭಾಳ ಚೆನ್ನಾಗೇಳವ್ರೆ. ನಮ್ಗೂ ಇದೆಲ್ಲಾ ಗೊತ್ತಿರ್ಲಿಲ್ಲ ನೋಡಿ. ಬಯಿಷ್ಕಾರ ಅಂದ್ರೇನ್ ಸಾ? ನಾವೇನ್ ಬೇಲಿ ಆಕಿದೀವಾ? ರಸ್ತೆ ಐತೆ, ನಲ್ಲಿ ಐತೆ. ಮುಯ್ಯಾಳು ಅನ್ನೋದು ಅವ್ರವ್ರ ಇಷ್ಟ. ಬರ್ದೆ ಇರೋರ್ನ ಎಳ್ಕಂಡ್ ಬರಕಾಯ್ತದಾ?"

ಮೇಷ್ಟ್ರ ಮಾತೇ ಅದು, ಊರಿನ ಕನ್ನಡದಲ್ಲಿ.

ಊರ ಪುಸ್ತಕವನ್ನು ನಾನು ಕೇಳುವ ಮೊದಲೇ ತರಿಸಿದರು. ರಟ್ಟು ಹೊದಿಸಿದ, ದಾರದಿಂದ ಹೊಲಿದ ಉದ್ದನೆಯ ಪುಸ್ತಕ. ದೇವಸ್ಥಾನದ ಬಣ್ಣ, ಕೆರೆಯ ತೂಬು, ಇಬ್ಬರು ಅಣ್ಣತಮ್ಮಂದಿರ ಬದುವಿನ ಜಗಳ, ಎಲ್ಲ ಒಳ್ಳೆಯ ಅಕ್ಷರದಲ್ಲಿತ್ತು. ನಮಗೆ ಬೇಕಾದ ಹಾಳೆ ಇರಲಿಲ್ಲ. ಹೊಲಿದ ಪುಸ್ತಕದಲ್ಲಿ ಒಂದು ಹಾಳೆ ಕಿತ್ತರೆ ಅದರ ಜೋಡಿ ಸಡಿಲವಾಗುತ್ತದೆ. ಮುಂದಿನ ಕಡೆಯ ಒಂದು ಹಾಳೆ ನನ್ನ ಕೈಗೇ ಬಂತು.

"ಅಳೇ ಪುಸ್ತಕ, ಕಿತ್ಕಂಡೈತೆ" ಎಂದು ಯಜಮಾನರು ಅದನ್ನು ಮೆಲ್ಲಗೆ ತೆಗೆದುಕೊಂಡು ಒಳಗಿಟ್ಟರು. "ಕಾಪಿ ಆರೋಯ್ತದೆ, ಕುಡೀರಿ."

ಕುಡಿದೆ. ಆಮೇಲೆ ಅವಳ ಮನೆಗೆ ಹೋದೆ. ಆರು ಜನ ಹೆಂಗಸರು ನೀರು ಹಿಡಿಯುತ್ತಿದ್ದ ನಲ್ಲಿಯ ಮುಂದೆ ಹಾದುಹೋದಾಗ ಮಾತು ನಿಂತಿತು.

ಅಂಗಳದಲ್ಲಿ ಅವಳೊಬ್ಬಳೇ ಸೊಪ್ಪು ಕಟ್ಟುತ್ತಿದ್ದಳು. ಹೊಲದಲ್ಲಿ ಗಿಡಗಳ ಕೆಳಗಿನ ಎಲೆ ಹಣ್ಣಾಗಿ ಜೋತುಬಿದ್ದಿತ್ತು. ಬಾಗಿಲ ಹತ್ತಿರ ಕಿವಿಗೆ ಬಟ್ಟೆ ಕಟ್ಟಿಕೊಂಡ ಹುಡುಗಿ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಹಾಳೆ ಹೋಗಿದೆ ಎಂದು ಹೇಳಿದೆ. ಅದು ನನ್ನಿಂದ ಆದದ್ದು ಎಂದೂ ಹೇಳಿದೆ.

ಅವಳು ಕಡ್ಡಿಯಿಂದ ಕಣ್ಣೆತ್ತಲಿಲ್ಲ. "ನೀವೇನ್ ಮಾಡೀರಿ ಬುಡಿ. ಬುದುವಾರ ಕರ್ಕಂಡೋಗ್ತೀವಿ ಅಂದ್ರಲ್ಲ, ಓಗದೇಯ. ಆಳೆ ಇಲ್ದಿದ್ರೂ ಓಗದೇಯ."

"ದೊಡ್ಡವ್ವ, ಬ್ಯಾಡ" ಎಂದಳು ಹುಡುಗಿ. "ನಾನ್ ಓದ್ರೆ ಸರಿಯೋಯ್ತದೆ."

"ಏನ್ ಸರಿಯೋದದು? ಮಗೀಗೆ ಇನ್ನೂ ತಿಂಗ್ಳು ತುಂಬಿಲ್ಲ. ಆ ಕಾಡ್ ಮಗ್ಗುಲಲ್ಲಿ ಟಾರ್ಪಾಲು ಕಟ್ಟಿದ್ ಶೆಡ್ನಲ್ಲಿ, ಈ ಮಳೇಲಿ, ಎಲ್ ಮನೀಕತೀಯ? ಸುಮ್ಕಿರು." ನನ್ನ ಕಡೆ ತಿರುಗಿ, "ಒಲ್ದಲ್ಲಿ ಕೊಳ್ತೋಗ್ಲಿ ಸಾ ಸೊಪ್ಪು. ಮುಂದುನ್ ವರ್ಸ ಮತ್ತೆ ಬತ್ತದೆ" ಎಂದಳು.

ಅವಳು ಬರುತ್ತಾಳೆಂದೇ ನಾನು ಮೇಷ್ಟ್ರಿಗೆ ತಿಳಿಸಿದೆ. ಹಾಳೆಯ ಸುದ್ದಿಯನ್ನೂ ಹೇಳಿದೆ. "ನಾನು ಹೇಳಿದ್ದು ನಿಮಗೆ, ಊರಿಗಲ್ಲ" ಎಂದರು. ಆಮೇಲೆ, "ಇರಲಿ, ಬರ್ತೀನಿ" ಎಂದರು.

ಬುಧವಾರ ಹತ್ತು ಗಂಟೆಗೆ ನಾವಿಬ್ಬರೂ ಅವಳ ಮನೆಯ ಮುಂದೆ ಇಳಿದಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹದಿನೆಂಟೋ ಇಪ್ಪತ್ತೋ ಜನ. ಹೆಂಗಸರು ಎರಡು ಸಾಲಾಗಿ ಕೂತು ಸೊಪ್ಪು ಕಟ್ಟುತ್ತಿದ್ದರು, ಗಂಡಸರು ಬ್ಯಾರನ್ನಿನೊಳಗೆ ಅಡ್ಡಮರಗಳ ಮೇಲೆ ಕಾಲಿಟ್ಟು ನಿಂತು ಕಡ್ಡಿ ಏರಿಸುತ್ತಿದ್ದರು. ಯಾರೋ ಯಾರನ್ನೋ ಛೇಡಿಸಿ ಎಲ್ಲರೂ ನಗುತ್ತಿದ್ದರು. ಮೊನ್ನೆ ನಲ್ಲಿಯ ಹತ್ತಿರ ಕಂಡ ಮುಖಗಳೂ ಅಲ್ಲಿದ್ದವು. ಅವಳು ನಡುವೆ ಕೂತಿದ್ದಳು. ಬಾಗಿಲ ಹತ್ತಿರ ಯಾರೂ ಇರಲಿಲ್ಲ.

"ನಿಮ್ಮ ಮಗಳೆಲ್ಲಮ್ಮ?" ಎಂದರು ಮೇಷ್ಟ್ರು.

"ನೆನ್ನೆ ನಾನು ಸೊಪ್ಪು ಮುರಿಯಕ್ಕೆ ಒಲಕ್ಕೋಗಿದ್ದೆ. ಅವ್ಳೇ ಫೋನ್ ಮಾಡಿ ಗಂಡುನ್ನ ಕರೆಸ್ಕಂಡು ಒಂಟೋಗವ್ಳೆ. ಬೆಳಿಗ್ಗೆ ಬಾಗ್ಲು ತಗುದ್ರೆ ಇವ್ರೆಲ್ಲಾ ನಿಂತವ್ರೆ." ಕೈ ಕಟ್ಟುತ್ತಲೇ ಇತ್ತು. "ಯಾರ್ನೂ ಕರೀಲಿಲ್ಲ ನಾನು."

"ದೂರು?"

"ಯಾವುದ್ರ ಮ್ಯಾಲೆ ಕೊಡ್ಲಿ ಸ್ವಾಮಿ? ಬಂದವ್ರಲ್ಲ."

ಬೇಲಿಯ ಹತ್ತಿರ ನಿಂತಿದ್ದ ಯಜಮಾನರು ನಮಗೆ ಕೈ ಮುಗಿದು, ಅವಳ ಕಡೆ ತಿರುಗಿ ಕೂಗಿ ಹೇಳಿದರು: "ಕಡ್ಡಿ ಸಾಲ್ದಿದ್ರೆ ನಮ್ಮನೇಲವೆ ಕಣವ್ವ, ತರಿಸ್ಕೊ."

ಅವಳು ಕಡ್ಡಿ ಕೆಳಗಿಟ್ಟು, ಸೊಪ್ಪಿನ ಅಂಟನ್ನು ಸೀರೆಗೆ ಒರೆಸಿ, ಸೆರಗಿನಿಂದ ಫೋನು ತೆಗೆದು ಹುಡುಗಿಯ ನಂಬರು ಒತ್ತಿದಳು. ಕೈಗೆ ಅಂಟು ಮೆತ್ತಿರುತ್ತದೆಂದು ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುತ್ತಿದ್ದಳು. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಣ್ಣು ದನಿ ಇಡೀ ಅಂಗಳಕ್ಕೆ ಕೇಳುವಂತೆ ಹೇಳಿತು. ಅವಳು ಮತ್ತೆ ಒತ್ತಿದಳು. ಅದು ಮತ್ತೆ ಹೇಳಿತು. ಎರಡೂ ಸಾಲಿನಲ್ಲಿ ಯಾರೂ ತಲೆ ಎತ್ತಲಿಲ್ಲ, ಯಾರ ಕೈಯೂ ನಿಲ್ಲಲಿಲ್ಲ.